ನಳಿಗೆ ಉದ್ದವಾದರೆ ಗುರಿ ನೇರವೇ?

ಹೇಮಾವತಿ ಹುಟ್ಟುವ ಜಾವಳಿಯಿಂದ ಕಳಸದವರೆಗಿನ ಕಾಫಿ ಸೀಮೆಯಲ್ಲಿ ಕೋವಿ ಬರೀ ಷೋಕಿಯ ವಸ್ತುವಲ್ಲ. ಗದ್ದೆಗೆ ಇಳಿಯುವ ಹಂದಿ, ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಿ ಬೆಳೆ ಉಳಿಸಿಕೊಳ್ಳಲೆಂದು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡ ಮನೆಗಳು ಇಲ್ಲಿ ಹಲವಾರು. ಕೋವಿ ಇದ್ದಲ್ಲಿ ಕೋವಿಯ ಮಾತೂ ಇರುತ್ತದೆ. ನಳಿಗೆ ಉದ್ದವಿದ್ದಷ್ಟೂ ಈಡು ನೇರ ಎಂಬುದು ಅಂಥ ಮಾತುಗಳಲ್ಲೊಂದು. ಇದು ಎಷ್ಟರ ಮಟ್ಟಿಗೆ ನಿಜ?

ನಳಿಗೆ ಉದ್ದವಾದರೆ ಮದ್ದಿನ ಅನಿಲಕ್ಕೆ ಗುಂಡನ್ನು ತಳ್ಳಲು ಹೆಚ್ಚು ಸಮಯ ಸಿಗುತ್ತದೆ, ಸ್ವಲ್ಪ ವೇಗ ಕೂಡುತ್ತದೆ. ತುದಿಯ ಗುರಿಮಣಿ ಕಣ್ಣಿನಿಂದ ದೂರವಿರುವುದರಿಂದ ಗುರಿ ಹಿಡಿಯುವಾಗಿನ ಸಣ್ಣ ತಪ್ಪೂ ಕಾಣುತ್ತದೆ. ಆದರೆ ಇದು ಕಣ್ಣಿಗೆ ಸಿಗುವ ನೆರವೇ ಹೊರತು ಗುಂಡಿಗಲ್ಲ. ನಳಿಗೆ ಬಿಟ್ಟ ಮೇಲೆ ಗುಂಡು ಯಾವ ಕಡೆ ವಾಲುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿಗಳೇ ಬೇರೆ.

ಇದನ್ನು ಪ್ರಯೋಗದಿಂದ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಗುಂಡುಗಳ ಚಲನೆಯನ್ನು ಕುರಿತು 1742ರಲ್ಲಿ ಪುಸ್ತಕ ಬರೆದ ಈತ, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಒಂದು ನಳಿಗೆಯ ತುದಿಯನ್ನು ಆತ ಬೇಕೆಂದೇ ಎಡಕ್ಕೆ ಬಾಗಿಸಿ ಈಡು ಹೊಡೆದ. ಗುಂಡು ಮೊದಲು ಎಡಕ್ಕೆ ಹೊರಟಿತು, ಆಮೇಲೆ ಬಲಕ್ಕೆ ತಿರುಗಿತು! ಬಾಗಿದ ನಳಿಗೆಯ ಬಲಗೋಡೆಯನ್ನು ಉಜ್ಜಿಕೊಂಡು ಹೊರಟ ಗುಂಡಿಗೆ ಬುಗುರಿಯಂಥ ಸುತ್ತು ಸಿಕ್ಕಿತ್ತು. ಆ ಸುತ್ತಿನಿಂದಾಗಿ ಗಾಳಿ ಅದನ್ನು ಬಲಕ್ಕೆ ತಳ್ಳಿತ್ತು. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲೇ ವಾಲುವುದಕ್ಕೂ ಇದೇ ಕಾರಣ.

ಹಳೆಯ ಕೇಪಿನ ಕೋವಿಯ ತೊಂದರೆ ಈಗ ಅರ್ಥವಾಗುತ್ತದೆ. ಅದಕ್ಕೆ ಮದ್ದು, ಗುಂಡುಗಳನ್ನು ಬಾಯಿಯಿಂದಲೇ ತುಂಬಬೇಕು. ಸಲೀಸಾಗಿ ಇಳಿಯಲೆಂದು ಗುಂಡನ್ನು ನಳಿಗೆಗಿಂತ ತುಸು ಚಿಕ್ಕದು ಮಾಡುತ್ತಾರೆ. ಸಡಿಲವಾದ ಆ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿದುಕೊಳ್ಳುತ್ತ ಬಂದು, ಕೊನೆಯಲ್ಲಿ ಯಾವ ಗೋಡೆಗೆ ತಾಗಿತೋ ಆ ಕಡೆಗೆ ವಾಲುತ್ತದೆ. ಪ್ರತಿ ಈಡಿಗೂ ಈ ತಾಗು ಬೇರೆ, ಆದ್ದರಿಂದ ತಪ್ಪೂ ಬೇರೆ. ಗುಂಡಿಗೆ ತೆಳು ಬಟ್ಟೆ ಸುತ್ತಿ ಬಿಗಿ ಮಾಡುವುದು ಇದಕ್ಕೆ ಹಳೆಯ ಪರಿಹಾರ. ರೈಫಲ್‌ನ ಪರಿಹಾರ ಇನ್ನೊಂದು ಬಗೆಯದು. ಅದರ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೆರೆಗಳಿರುತ್ತವೆ. ಅವು ಗುಂಡನ್ನು ಕಚ್ಚಿ, ಅದು ಸಾಗುವ ದಿಕ್ಕನ್ನೇ ಅಚ್ಚಾಗಿಸಿಕೊಂಡು ಸುತ್ತುವಂತೆ ಮಾಡುತ್ತವೆ. ಹಾಗೆ ಸುತ್ತುವ ಗುಂಡು ಪಕ್ಕಕ್ಕೆ ವಾಲುವುದು ತೀರಾ ಕಡಿಮೆ.

ತೋಟೆ ಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಹೊರಡುವುದು ಸಾಮಾನ್ಯವಾಗಿ ಒಂದು ಗುಂಡಲ್ಲ, ಹಿಡಿ ಚರೆ. 12 ಬೋರ್ ಎಂದರೆ, ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ, ಅಂದರೆ ಸುಮಾರು 18.5 ಮಿಲಿಮೀಟರ್. ಇಲ್ಲಿ ಮುಖ್ಯವಾದದ್ದು ನಳಿಗೆಯ ಉದ್ದವಲ್ಲ, ಅದರ ತುದಿ. ತುದಿಯನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಕಿರಿದು ಮಾಡಿದರೆ ಅದು ‘ಫುಲ್ ಚೋಕ್’. 40 ಗಜ ದೂರದಲ್ಲಿ 30 ಅಂಗುಲ ಅಗಲದ ವೃತ್ತದೊಳಗೆ, ಕಿರಿದು ಮಾಡದ ನಳಿಗೆಯ ಚರೆಗಳಲ್ಲಿ ನೂರಕ್ಕೆ 40 ಬಿದ್ದರೆ, ಫುಲ್ ಚೋಕಿನಲ್ಲಿ ಸುಮಾರು 70 ಬೀಳುತ್ತವೆ.

ಗುಂಡು ಮತ್ತು ನಳಿಗೆಯ ಹೊಂದಾಣಿಕೆಯ ಪಾಠ ಮಲೆನಾಡಿನ ಮಕ್ಕಳಿಗೆ ಹೊಸದಲ್ಲ. ವಾಟೆ ಬಿದಿರಿನ ಕೊಳವೆಗೆ ಜುಮ್ಮನಕಾಯಿ ತುರುಕಿ ಹೊಡೆಯುವ ಪೆಟ್ಲಿನಲ್ಲಿ ಒಂದು ಕಾಯಿ ತುದಿಯನ್ನು ಮುಚ್ಚಿರುತ್ತದೆ. ಹಿಂದಿನಿಂದ ಕೋಲಿನಲ್ಲಿ ಇನ್ನೊಂದನ್ನು ನೂಕಿದಾಗ ನಡುವಿನ ಗಾಳಿ ಒತ್ತಿ, ಮುಂದಿನದು ಟಪ್ಪೆಂದು ಹಾರುತ್ತದೆ. ಕಾಯಿ ಸಡಿಲವಾದರೆ ಗಾಳಿ ಸೋರಿ ಠುಸ್ಸೆನ್ನುತ್ತದೆ, ಬಿಗಿಯಾದರೆ ಜಜ್ಜಿಹೋಗುತ್ತದೆ.

ಇತ್ತೀಚೆಗೆ ಸಾಹಸ ಕ್ರೀಡೆಯ ತಾಣಗಳಲ್ಲಿ ಕಾಣುವ ಪೇಂಟ್‌ಬಾಲ್ ಕೋವಿ ಇದೇ ಪೆಟ್ಲಿನ ದೊಡ್ಡಣ್ಣ. ಅಮೆರಿಕದಲ್ಲಿ ಮರ, ದನಗಳಿಗೆ ದೂರದಿಂದ ಬಣ್ಣದ ಗುರುತು ಹಾಕಲು ಹುಟ್ಟಿದ ಈ ಸಾಧನ 1981ರಲ್ಲಿ ಆಟದ ಸಾಮಾನಾಯಿತು. ಅದರ ಗುಂಡು 0.68 ಅಂಗುಲದ್ದು, 12 ಬೋರಿನ ನಳಿಗೆಗಿಂತ ತುಸುವೇ ಚಿಕ್ಕದು. ಮೇಲೆ ಜೆಲಟಿನ್ ತೊಗಟೆ, ಒಳಗೆ ಬಣ್ಣದ ದ್ರವ. ತೊಗಟೆಯನ್ನು ಸುರುಳಿ ಗೆರೆಗಳು ಕಚ್ಚಲಾರವು, ದ್ರವವೂ ತೊಗಟೆಯೊಡನೆ ಕೂಡಲೇ ಸುತ್ತುವುದಿಲ್ಲ. ಹಾಗಾಗಿ ರೈಫಲ್‌ನ ಉಪಾಯ ಇಲ್ಲಿ ಹೆಚ್ಚು ಫಲ ಕೊಡದು. ನಳಿಗೆಯ ತುದಿಯ ತೂತುಗಳು ಸದ್ದು ತಗ್ಗಿಸುತ್ತವೆ, ಅಷ್ಟೆ. ಅತಿ ಉದ್ದದ ನಳಿಗೆಯಲ್ಲಿ ಉಜ್ಜಾಟಕ್ಕೆ ಸಿಕ್ಕಿ ವೇಗ ಕುಗ್ಗುವುದೂ ಉಂಟು. ಆಟಗಾರರು ನೋಡುವುದು ಹೊಂದಾಣಿಕೆಯನ್ನು: ನಳಿಗೆಯಲ್ಲಿಟ್ಟ ಗುಂಡು ತಾನಾಗಿ ಜಾರಬಾರದು, ಬಾಯಿಂದ ಊದಿದರೆ ಹೊರಬರಬೇಕು. ಸೆಕೆಂಡಿಗೆ 300 ಅಡಿಯವರೆಗಿನ ವೇಗದ ಈ ಮೆತ್ತನೆಯ ಗುಂಡಿಗೂ ಕಣ್ಣು ಕಳೆಯುವ ಶಕ್ತಿಯಿದೆ. ಮುಖವಾಡವಿಲ್ಲದೆ ಆಡಕೂಡದೆಂಬ ನಿಯಮ ಅದಕ್ಕಾಗಿಯೇ.

ನಳಿಗೆಯ ಮೇಲಿನ ಅತಿ ನಂಬಿಕೆಯ ಅಪಾಯ ಕಾಫಿ ತೋಟದಲ್ಲಿ ಇನ್ನೂ ಹೆಚ್ಚು. ಫುಲ್ ಚೋಕಿನ ಕೋವಿಯಲ್ಲೂ 40 ಗಜದಲ್ಲಿ ನೂರಕ್ಕೆ 30 ಚರೆ ಆ ವೃತ್ತದಿಂದ ಹೊರಗೆ ಹೋಗುತ್ತವೆ. ಅವು ಅಲ್ಲಿಗೇ ನಿಲ್ಲುವುದಿಲ್ಲ. ಗಿಡಗಳ ಮರೆಯಲ್ಲಿ ಹಣ್ಣು ಕೊಯ್ಯುವವರು, ಕಾಲುದಾರಿಯಲ್ಲಿ ಬರುವವರು ಇರುತ್ತಾರೆ. ಗಾಯಗೊಂಡು ಪೊದೆ ಸೇರಿದ ಹಂದಿ ಮರುದಿನ ಯಾರ ಮೇಲಾದರೂ ಎರಗಬಹುದು. ಎಷ್ಟು ಉದ್ದದ ನಳಿಗೆಯಾದರೂ ಈ ಚದುರಾಟವನ್ನು ಇಲ್ಲವಾಗಿಸದು. ತನ್ನ ಕೋವಿ ಎಷ್ಟು ದೂರದಲ್ಲಿ ಎಷ್ಟು ಅಗಲಕ್ಕೆ ಚರೆ ಹರಡುತ್ತದೆಂದು ತಿಳಿದಿರುವುದು, ಗುರಿಯ ಆಚೆ ಏನಿದೆಯೆಂದು ಕಾಣದೆ ಕುದುರೆ ಎಳೆಯದಿರುವುದು, ಇವೆರಡೂ ಕೋವಿ ಹಿಡಿದವನ ಹೊಣೆ.