ಸ್ಟೀರಿಂಗಿನ ನಡುಕ

ಹಳೆಯ ಮೋಟಾರು ಗಾಡಿಯ ಸ್ಟೀರಿಂಗು ನಡುಗತೊಡಗಿದರೆ ನಾವು ಮೊದಲು ವಿಚಾರಿಸತಕ್ಕದ್ದು ಒಂದೇ: ನಡುಕ ಬರುವುದು ಯಾವಾಗ? ಜ್ವರದ ವೇಳೆಯನ್ನು ಕೇಳದೆ ವೈದ್ಯನು ಔಷಧವನ್ನು ಕೊಡುವುದಿಲ್ಲವಷ್ಟೆ. ಈ ವಿಚಾರಣೆಯಿಲ್ಲದೆ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋದರೆ ಹಣ ಕರಗುತ್ತದೆ, ನಡುಕ ಉಳಿಯುತ್ತದೆ.

ನಮ್ಮ ದೇಶದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಚಕ್ರದ ಸುತ್ತಳತೆ ಸುಮಾರು 2 ಮೀಟರು. ಗಂಟೆಗೆ 72 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 20 ಮೀಟರು; ಆಗ ಚಕ್ರವು ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ರಿಮ್ಮಿನ ಒಂದು ಕಡೆ ಕೇವಲ 30 ಗ್ರಾಮು ತೂಕ ಹೆಚ್ಚಾಗಿದ್ದರೂ ಈ ವೇಗದಲ್ಲಿ ಅದು ಸುಮಾರು 2 ಕಿಲೋಗ್ರಾಮು ಭಾರದಷ್ಟು ಬಲದಿಂದ ಚಕ್ರವನ್ನು ಜಗ್ಗುತ್ತದೆ. ಈ ಜಗ್ಗುವಿಕೆಯು ಗಾಡಿಯ ಮುಂಭಾಗದ ಸಹಜವಾದ ತೂಗಾಟಕ್ಕೆ ಸರಿಹೊಂದಿದಾಗ, ಉಯ್ಯಾಲೆಯನ್ನು ಸಕಾಲದಲ್ಲಿ ನೂಕಿದಂತೆ, ನಡುಕ ಬೆಳೆಯುತ್ತದೆ. ವೇಗ ಇನ್ನೂ ಹೆಚ್ಚಿದರೆ ಆ ಹೊಂದಿಕೆ ತಪ್ಪಿ ಅದು ತಗ್ಗುವುದೂ ಉಂಟು.

ಆದುದರಿಂದ ಒಂದು ನಿಶ್ಚಿತ ವೇಗದಲ್ಲಿ ಮಾತ್ರ ನಡುಕ ಬಂದರೆ ಮೊದಲ ಸಂದೇಹ ಚಕ್ರದ ಮೇಲೆಯೇ. ರಿಮ್ಮಿನೊಳಗೆ ಕೆಸರು ಮೆತ್ತಿದೆಯೆ, ಸಮತೂಕಕ್ಕಾಗಿ ಹಾಕಿದ್ದ ಸೀಸದ ತುಂಡು ಬಿದ್ದುಹೋಗಿದೆಯೆ, ರಿಮ್ಮು ಸೊಟ್ಟಗಾಗಿದೆಯೆ, ಟೈರು ಉಬ್ಬಿದೆಯೆ ಎಂದು ನೋಡಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿದಾಗ ನಡುಕವು ಸ್ಟೀರಿಂಗನ್ನು ಬಿಟ್ಟು ಸೀಟಿಗೆ ಬಂದರೆ ದೋಷ ಸಿಕ್ಕಿತೆಂದೇ ತಿಳಿಯಬಹುದು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ಮು ಅಥವಾ ಡಿಸ್ಕು ಸಮನಾಗಿ ಸವೆದಿಲ್ಲ. ನಿಂತ ಗಾಡಿಯಲ್ಲಿಯೂ ನಡುಗಿದರೆ ಎಂಜಿನನ್ನು ಪರೀಕ್ಷಿಸಬೇಕು.

ಚಕ್ರಗಳನ್ನು ಸಮತೂಕಗೊಳಿಸಿದ ಮೇಲೂ ನಡುಕ ನಿಲ್ಲದಿದ್ದರೆ? ಮುದಿ ಗಾಡಿಯ ನಿಜವಾದ ರೋಗ ಅನೇಕವೇಳೆ ಇಲ್ಲಿರುತ್ತದೆ. ಅಲ್ಪಸ್ವಲ್ಪ ಅಸಮತೆ ಹೊಸ ಗಾಡಿಯಲ್ಲಿಯೂ ಇದ್ದೇ ಇರುತ್ತದೆ. ಬಿಗಿಯಾದ ಕೀಲುಗಳು ಅದನ್ನು ಅಡಗಿಸುತ್ತವೆ. ಕೀಲು ಸವೆದ ಗಾಡಿಯಲ್ಲಿ ಅದೇ ಅಸಮತೆ ಕೈಯನ್ನು ನಡುಗಿಸುತ್ತದೆ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ, ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಬೇಕು. ಅದು ಅಲುಗಿದರೆ ಇನ್ನೊಬ್ಬರಿಂದ ಬ್ರೇಕು ಒತ್ತಿಸಬೇಕು. ಅಲುಗಾಟ ಆಗ ನಿಂತರೆ ಬೇರಿಂಗು ಸಡಿಲವಾಗಿದೆ. ನಿಲ್ಲದಿದ್ದರೆ ಚಕ್ರವನ್ನು ಹೊತ್ತಿರುವ ಕೀಲುಗಳು ಸವೆದಿವೆ. ಎಡಕ್ಕೂ ಬಲಕ್ಕೂ ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟೀರಿಂಗಿನ ಕೀಲುಗಳನ್ನು ನೋಡಬೇಕು.

ನಡುಕಕ್ಕೆ ನಮ್ಮ ಕೈ ಬೇಗ ಒಗ್ಗಿಹೋಗುತ್ತದೆ. ಅಪಾಯವಿರುವುದು ಅಲ್ಲಿಯೇ. ಪೂರ್ತಿ ಸವೆದ ಕೀಲು ಓಡುವಾಗ ಕಳಚಿದರೆ ಗಾಡಿ ನಮ್ಮ ಹಿಡಿತದಲ್ಲಿರುವುದಿಲ್ಲ. ಆದುದರಿಂದ ಸಡಿಲ ಕಂಡ ಗಾಡಿಯನ್ನು ದುರಸ್ತಾಗುವವರೆಗೆ ಓಡಿಸತಕ್ಕದ್ದಲ್ಲ. ಉಳಿದ ಸಂದರ್ಭಗಳಲ್ಲಿ ನಡುಕ ಬಂದ ವೇಗವನ್ನೂ ರಸ್ತೆಯ ಸ್ಥಿತಿಯನ್ನೂ ಬ್ರೇಕಿನ ಸಂಬಂಧವನ್ನೂ ಒಂದು ಚೀಟಿಯಲ್ಲಿ ಗುರುತುಮಾಡಿ ಮೆಕ್ಯಾನಿಕ್ಕನಿಗೆ ಕೊಟ್ಟರೆ ಅವನ ಅರ್ಧ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ.