ಕಸೂತಿಯಲ್ಲಿ ಹೊಲಿಗೆಯ ಆಯ್ಕೆ

ಆನೆಯನ್ನೋ ಗೋಪುರವನ್ನೋ ಕಸೂತಿಯಲ್ಲಿ ತೆಗೆದಾಗ ನೋಡುವವರು ಆಕೃತಿಯನ್ನು ಗುರುತಿಸಿ, ಹೊಲಿಗೆಯ ಕುಂದನ್ನು ಮನ್ನಿಸುತ್ತಾರೆ. ಯಾವ ವಸ್ತುವನ್ನೂ ಹೋಲದ ಬರಿಯ ರೇಖಾವಿನ್ಯಾಸಕ್ಕೆ ಈ ಆಸರೆಯಿಲ್ಲ. ಅಲ್ಲಿ ಹೊಲಿಗೆಯೇ ಸರ್ವಸ್ವ. ಆದುದರಿಂದ ಸೂಜಿ ಹಿಡಿಯುವ ಮೊದಲೇ ನಾವು ಹೊಲಿಗೆಯನ್ನು ನಿಶ್ಚಯಿಸಬೇಕು. ಎಳೆಯೆಣಿಸಿ ಹಾಕಿದುದನ್ನು ಬಿಚ್ಚಹೊರಟರೆ ಬಟ್ಟೆಯೂ ಕೆಡುವುದು, ದಿನಗಳ ದುಡಿಮೆಯೂ ಹಾಳಾಗುವುದು.

ಧಾರವಾಡದ ಕಡೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿಯು ತೆರಪು ಬಿಡುತ್ತ ಮುಂದೆ ಸಾಗಿ, ಮರಳುವಾಗ ಆ ತೆರಪುಗಳನ್ನು ತುಂಬುತ್ತದೆ. ಮುರಗಿಯು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡೂ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ತೆರನಾಗಿ ಕಾಣುವುವು. ನೇಯ್ಗೆಯು ಮಗ್ಗದ ಕೆಲಸವನ್ನು ಅನುಕರಿಸುತ್ತದೆ. ಮೆಂತೆಯು ಕತ್ತರಿಯಾಕಾರದ ಹೊಲಿಗೆ. ನೂಲನ್ನು ಹೆಚ್ಚು ಬೇಡುತ್ತದೆ, ಬಟ್ಟೆಗೆ ಭಾರವನ್ನೂ ತರುತ್ತದೆ.

ವಸ್ತಾರೆಯ ಮನೆಯೊಂದರ ಕಿಟಕಿಯ ಪರದೆಗೆ ಸುತ್ತಣ ಮಲೆನಾಡನ್ನು ವಿನ್ಯಾಸವಾಗಿಸಬೇಕೆನ್ನೋಣ. ಗುಡ್ಡವನ್ನೇ ಚಿತ್ರಿಸಬೇಕಾಗಿಲ್ಲ, ಅದರ ಏರಿಕೆಗೆ ಮುರಗಿ, ಓರೆಯಾಗಿ ಸುರಿಯುವ ಮಳೆಗೆ ಗವಂತಿ ಸಾಕು. ಕಾಫಿ ತೋಟದ ದಟ್ಟ ನೆರಳಿಗೆ ಮೆಂತೆ ಒಪ್ಪುವುದಾದರೂ, ಪರದೆಯನ್ನು ಹೊರಗಿನಿಂದಲೂ ನೋಡುವರಷ್ಟೆ. ಮೆಂತೆಯ ಹಿಂಬದಿಯು ಮುಂಬದಿಯಂತಿರದು. ಅದನ್ನು ದಿಂಬಿನ ಗವುಸಿಗೆ ಮೀಸಲಿಡುವುದು ಲೇಸು. ಅಲ್ಲಿ ಹಿಂಬದಿ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ರೇಖೆಯ ಗುಣವನ್ನೂ ಬಟ್ಟೆಯ ಉಪಯೋಗವನ್ನೂ ಒಟ್ಟಿಗೆ ಆಲೋಚಿಸಿದರೆ ಆಯ್ಕೆ ಕಷ್ಟವಲ್ಲ. ಕಸೂತಿಯಲ್ಲಿ ನೂಲಿಗೆ ಗಂಟು ಹಾಕುವ ವಾಡಿಕೆಯಿಲ್ಲ. ಹೊಲಿಗೆಯನ್ನು ಅರಿತು ಆರಿಸಿದವರಿಗೆ ಹಿಂಬದಿಯನ್ನು ಮರೆಮಾಡುವ ಅಗತ್ಯವೂ ಬಾರದು.