ಮೊದಲ ವರ್ಷದ ಏಳು ಮನೆಗಳು

ಮಳೆಗಾಲದ ಒಂದು ಸಂಜೆ. ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಿ.ಎಸ್ಸಿ. ವ್ಯಾಸಂಗಕ್ಕೆಂದು ಮೈಸೂರಿಗೆ ಬಂದ ಹುಡುಗನೊಬ್ಬ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಹಾಸಿಗೆಯ ಸುರುಳಿ ಬಿಚ್ಚಿದ. ತಂದೆ ಶುಲ್ಕದ ರಸೀತಿಯನ್ನು ಅವನ ಕೈಯಲ್ಲಿಟ್ಟು, "ಚೆನ್ನಾಗಿ ಓದಪ್ಪ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನೀನೇ ಮೊದಲು" ಎಂದು ಹೇಳಿ ಕೊನೆಯ ಬಸ್ಸಿಗೆ ಹೊರಟರು. ಆ ಮಾತಿನಲ್ಲಿ ಹರಕೆಯೂ ಇತ್ತು, ಹೊರೆಯೂ ಇತ್ತು.

ಹುಡುಗ ದಡ್ಡನಲ್ಲ. ಊರಿನ ಪದವಿಪೂರ್ವ ಕಾಲೇಜಿನಲ್ಲಿ ಅವನೇ ಮೊದಲಿಗ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ; ಆಮೇಲಿನ ಎರಡು ವರ್ಷ ಪುಸ್ತಕ ಇಂಗ್ಲಿಷಿನದಾದರೂ ಉಪನ್ಯಾಸಕರು ಪ್ರತಿಯೊಂದು ಸೂತ್ರವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಹಾಗೆ ಬಿಡಿಸುವವರಿಲ್ಲ. ಅರ್ಥವಾಗದಿದ್ದರೆ ಎದ್ದುನಿಂತು ಕೇಳಬೇಕು. ಎದ್ದರೆ ಬಾಯಿಂದ ಇಂಗ್ಲಿಷ್ ಹೊರಡದು. ಕನ್ನಡದಲ್ಲಿ ಕೇಳಿದರೆ ಹಿಂದಿನ ಬೆಂಚಿನವರು ನಕ್ಕಾರೆಂಬ ಅಂಜಿಕೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ 20ಕ್ಕೆ 5 ಅಂಕ ಬಂದವು.

ಅಂದು ರಾತ್ರಿ ತಾಯಿ ಫೋನಿನಲ್ಲಿ, "ಊಟ ಆಯ್ತೇನಪ್ಪ? ಪಾಠ ಹೇಗಿದೆ?" ಎಂದು ಕೇಳಿದರು.

"ಆಯ್ತಮ್ಮ. ಚೆನ್ನಾಗಿದೆ" ಎಂದ ಮಗ. ಎರಡೂ ಸುಳ್ಳು.

ಮರುದಿನ ತರಗತಿ ತಪ್ಪಿತು; ಅದರ ಮರುದಿನವೂ ತಪ್ಪಿತು. ಮೂರನೆಯ ದಿನ ಅವನು ಊರಿಗೆ ಹೊರಡುವುದೆಂದು ನಿಶ್ಚಯಿಸಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವನನ್ನು ತಡೆದದ್ದು ಯಾರ ಉಪದೇಶವೂ ಅಲ್ಲ. ನಿಲಯದ ಅಡಿಗೆಯವರು ಬಾಗಿಲಲ್ಲಿ ನಿಂತು, "ಏನಪ್ಪ, ಎರಡು ದಿನದಿಂದ ಊಟಕ್ಕೆ ಬರಲಿಲ್ಲ, ಜ್ವರವೇ?" ಎಂದರು. ಅಷ್ಟೇ. ಹುಡುಗ ಅತ್ತುಬಿಟ್ಟ.

ಅವರು ಮೇಲಿನ ಕೋಣೆಯಿಂದ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕರೆತಂದರು. ಅವನೂ ಕನ್ನಡ ಶಾಲೆಯಿಂದ ಬಂದವನೇ. ಒಂದು ಬದಿಯಲ್ಲಿ ಇಂಗ್ಲಿಷ್ ಪದ, ಮತ್ತೊಂದು ಬದಿಯಲ್ಲಿ ಕನ್ನಡದ ಅರ್ಥ ಬರೆದಿಟ್ಟಿದ್ದ ತನ್ನ ಹಳೆಯ ನೋಟುಪುಸ್ತಕವನ್ನು ತೋರಿಸಿದ. ಬೆಳಗ್ಗೆ ಅಧ್ಯಾಪಕರ ಕೋಣೆಗೂ ಕರೆದೊಯ್ದ. "ಕನ್ನಡದಲ್ಲೇ ಕೇಳಪ್ಪ. ಭೌತಶಾಸ್ತ್ರಕ್ಕೆ ಭಾಷೆಯ ಮಡಿಯಿಲ್ಲ" ಎಂದರು ಅವರು.

ಇಂಥ ಹುಡುಗರೂ ಹುಡುಗಿಯರೂ ಪ್ರತಿವರ್ಷ ಪ್ರತಿಯೊಂದು ಕಾಲೇಜಿನಲ್ಲೂ ಇರುತ್ತಾರೆ. ಎಲ್ಲರ ಬಾಗಿಲಿಗೂ ಒಬ್ಬ ಅಡಿಗೆಯವರು ಬರುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಆ ಕಾಲದಲ್ಲಿ ಹಳ್ಳಿಗಳಿಂದ ಓದಲು ಬಂದ ಬಡಹುಡುಗರಲ್ಲಿ ಅನೇಕರು ವಾರಾನ್ನದಿಂದ ಜೀವನ ಸಾಗಿಸಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ದಿನಕ್ಕೆ ಏಳು ಮನೆಗಳ ಊಟ. ಆ ಪದ್ಧತಿಯನ್ನು ಹೊಗಳಿ ಹಾಡಬೇಕಾಗಿಲ್ಲ. ಪರರ ಮನೆಯ ಜಗಲಿಯಲ್ಲಿ ಎಲೆಗಾಗಿ ಕಾಯುವ ಸಂಕೋಚ ಸಣ್ಣದಲ್ಲ. ಜಾತಿಯ ಗೆರೆಯಾಚೆಗಿನವರಿಗೆ ಆ ಬಾಗಿಲುಗಳು ತೆರೆಯುತ್ತಿದ್ದುದೂ ಅಪರೂಪ. ಆ ಕೊರತೆಯನ್ನು ತುಂಬಲು ಮಠಗಳೂ ಸಮುದಾಯಗಳೂ ಸರ್ಕಾರವೂ ವಿದ್ಯಾರ್ಥಿನಿಲಯಗಳನ್ನು ತೆರೆಯಬೇಕಾಯಿತು. ಆದರೂ ವಾರಾನ್ನದಲ್ಲಿ ಒಂದು ಗುಣ ಅಡಗಿತ್ತು. ಗುರುವಾರದ ಹುಡುಗ ಗುರುವಾರ ಬಾರದಿದ್ದರೆ, "ಯಾಕೆ ಬರಲಿಲ್ಲ, ಮೈಗೆ ಹುಷಾರಿಲ್ಲವೋ ಏನೋ" ಎಂದು ಆ ಮನೆಯ ಹಿರಿಯರೊಬ್ಬರು ವಿಚಾರಿಸುತ್ತಿದ್ದರು. ಊರು ಅಪರಿಚಿತವಾದರೂ, ಹುಡುಗ ಕಾಣದಿದ್ದರೆ ಕೇಳುವ ಏಳು ಮನೆಗಳಿದ್ದವು.

ಇಂದಿನ ವಿದ್ಯಾರ್ಥಿಗೆ ಎಲೆಗಾಗಿ ಕಾಯುವ ಕಷ್ಟವಿಲ್ಲ; ಜೇಬಿನಲ್ಲಿ ಮೊಬೈಲ್ ಇದೆ. ಕೇಳುವವರು ಮಾತ್ರ ಕಡಿಮೆಯಾಗಿದ್ದಾರೆ. ವಿದ್ಯಾರ್ಥಿಗಳು ಕಾಲೇಜನ್ನು ನಡುವೆಯೇ ಬಿಡುವುದೇಕೆಂಬ ವಿಷಯವಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1987ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬುದ್ಧಿಯ ಕೊರತೆಯೊಂದೇ ಕಾರಣವಲ್ಲ, ಪಾಠದೊಡನೆಯೂ ಜನರೊಡನೆಯೂ ನಂಟು ಬೆಳೆಯದಿದ್ದಾಗ ವಿದ್ಯಾರ್ಥಿ ಹೊರಬೀಳುತ್ತಾನೆ ಎಂಬುದು ಅವರ ವಾದದ ಸಾರ. ಹಳೆಯ ಬಳಗವನ್ನು ಅಗಲಿ ಹೊಸ ಬಳಗಕ್ಕೆ ಇನ್ನೂ ಸೇರದ ನಡುಗಾಲವೇ ಕಠಿಣವಾದದ್ದು. ಹೊಸ ಸೊಸೆಯಾಗಿ ಬೇರೊಂದು ಮನೆಯಲ್ಲಿ ಮೊದಲ ತಿಂಗಳುಗಳನ್ನು ಕಳೆದ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ತಾಯ್ತಂದೆಗಳು ಮೊದಲ ತಿಂಗಳುಗಳಲ್ಲಿ "ಎಷ್ಟು ಅಂಕ ಬಂತು?" ಎಂದು ಕೇಳುವುದಕ್ಕಿಂತ "ಇವತ್ತು ಯಾರ ಜೊತೆ ಊಟ ಮಾಡಿದೆ?" ಎಂದು ಕೇಳುವುದು ಲೇಸು. ವಾರಗಳು ಕಳೆದರೂ ಉತ್ತರದಲ್ಲಿ ಒಂದು ಹೆಸರೂ ಬಾರದಿದ್ದರೆ, ಒಂದು ಭಾನುವಾರ ಹೋಗಿ ನೋಡಿಬರಬೇಕು. ವಿದ್ಯಾರ್ಥಿಯೂ ಒಂದು ವಿಷಯವನ್ನು ತಿಳಿದಿರಬೇಕು: ಒಂದು ಆಂತರಿಕ ಪರೀಕ್ಷೆಯಲ್ಲಿ ಎಡವಿದರೆ ವರ್ಷವೇನೂ ಮುಳುಗುವುದಿಲ್ಲ, ಆದರೆ ನಾಚಿಕೆಯಿಂದ ತರಗತಿ ತಪ್ಪಿಸುತ್ತ ಹೋಗಿ ಹಾಜರಾತಿ ಶೇಕಡಾ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದೇ ಕಷ್ಟವಾದೀತು. ಹಿರಿಯ ವಿದ್ಯಾರ್ಥಿಗಳ ಕಾಟವನ್ನು ಸಹಿಸಿಕೊಂಡು ಸುಮ್ಮನಿರಬೇಕಾಗಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಗಳು ರ‍್ಯಾಗಿಂಗನ್ನು ನಿಷೇಧಿಸಿವೆ. ದೂರು ಹೇಳಲು 1800-180-5522 ಎಂಬ ದೂರವಾಣಿ ಇದೆ. ಮನಸ್ಸು ತೀರ ಕುಗ್ಗಿದಾಗ, 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416ಕ್ಕೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗ ಪವಾಡವನ್ನೇನೂ ಮಾಡಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿಯಿತು. ಮುಂದಿನ ಬಾರಿ ಬರೆದು ತೇರ್ಗಡೆಯಾದ. ತಾಯಿಗೆ ನಡೆದದ್ದನ್ನೆಲ್ಲ ಹೇಳಿದ. ಈಗ ಅವನು ಎರಡನೆಯ ವರ್ಷದಲ್ಲಿದ್ದಾನೆ. ಊಟದ ಸಾಲಿನಲ್ಲಿ ನಿಂತಾಗ ಹೊಸ ಮುಖಗಳನ್ನು ಎಣಿಸಿ ನೋಡುವುದು ಅವನಿಗೆ ಅಭ್ಯಾಸವಾಗಿದೆ.